ಎಣ್ಣೆಕಡ್ಡಿ

ಇಬ್ರಿಯ ಸನಾಯಾ. ನಮ್ಮ ಶೆಟರು ಅರ್ಧ ಎತ್ತಿದ್ದೆವಷ್ಟೇ,
ಸಿಹಿನೀರಿನ ಹಳೇ ಬೆಡ್‌ಫೋರ್ಡ್ ಟ್ಯಾಂಕರು ಬಂತು.
ಬಂತೇನು, ತಳ್ಳಿಕೊಂಡು ತಂದರು,
ಹಿಂದೆ ಇಬ್ಬರು ಬಲೂಚಿ ಹುಡುಗರು ಹೆಗಲು ಕೊಟ್ಟು.
ಜರ್ವಲಿ ಖಾನ್ ಇಳಿದು ಬಾಗಿಲನ್ನು ಮೆಲ್ಲಗೆ ಹಾಕಿದ.
ಜೋರಾಗಿ ಹಾಕಿದರೆ ಕಳಚಿ ಕೈಗೆ ಬರುತ್ತದೆ, ಅವನಿಗೆ ಗೊತ್ತು.

"ಬೆಳಿಗ್ಗೆ ಏಳಲು ಹಟ.
ಮಧ್ಯಾಹ್ನವಾದರೆ ಎಣ್ಣೆಯ ಮುಳ್ಳು ಸೊನ್ನೆಗೆ ಒರಗುತ್ತದೆ.
ಆದರೆ ಉಸ್ತಾದ್, ಒಂದು ಮಾತು,
ನನ್ನ ಗಾಡಿ ಎಣ್ಣೆ ಕುಡಿಯುವುದಿಲ್ಲ.
ಆರು ತಿಂಗಳಾಯ್ತು, ಒಂದು ಡಬ್ಬಿ ಕೊಂಡಿಲ್ಲ.
ಬರ್ಕತ್ತು."

ಮುಳ್ಳನ್ನು ನಂಬಬೇಡ ಅಂತ
ಕಲಬುರಗಿಯ ಗ್ಯಾರೇಜಿನಲ್ಲಿ ಒದೆ ತಿಂದು ಕಲಿತವ ನಾನು.
ಕೊಳವೆ ಬಿಚ್ಚಿ ನನ್ನದೇ ಗೇಜು ಸಿಕ್ಕಿಸಿದೆ.
ನಾಲ್ಕು ಸಲ ಸೆಲ್ಫು ಹೊಡೆದು, ಐದನೆಯದಕ್ಕೆ
ಬಿಳಿಹೊಗೆ ಕಾರಿಕೊಂಡು ಎದ್ದಿತು.
ತಣ್ಣಗಿದ್ದಾಗ ನಲವತ್ತು.
ಕಾದ ಮೇಲೆ ಹತ್ತು, ಎಂಟು.
ಮುಳ್ಳು ನಿಜವನ್ನೇ ಹೇಳುತ್ತಿತ್ತು, ಪಾಪ.

ಬೇರಿಂಗು ಹೋಗಿದೆ, ಎಂಜಿನ್ ಇಳಿಸಿ
ಅಂದ ಪಕ್ಕದ ಶೆಟರಿನ ತ್ರಿಶೂರಿನವ.
ಅವನ ಹತ್ತಿರ ಮಾರಲಿಕ್ಕೆ ಒಂದು ಎಂಜಿನ್ ಇತ್ತು.
ಸ್ಕ್ರೂಡ್ರೈವರಿನ ತುದಿ ಬ್ಲಾಕಿಗೆ, ಹಿಡಿ ಕಿವಿಗೆ.
ಕೇಳಿದೆ. ಬೇರಿಂಗು ಗೊಣಗುತ್ತಿರಲಿಲ್ಲ.

ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿದರೆ
ಡೀಸೆಲ್ಲಿನ ಜೊತೆ ಗುಳ್ಳೆ, ಗುಳ್ಳೆ,
ಆಮೇಲೆ ಬರೀ ಉಸಿರು.
ಎಲ್ಲೋ ಸೋರುತ್ತಿದೆ.
ಬಗ್ಗಿ ನೋಡಿದೆ, ನೆಲ ಒಣ ಒಣ.
ಹಾಗಾದರೆ ಹೋಗುವುದೆಲ್ಲಿಗೆ?

ಎಣ್ಣೆಕಡ್ಡಿ ಎಳೆದೆ. ಒರೆಸಿ, ಮುಳುಗಿಸಿ, ಮತ್ತೆ ಎಳೆದೆ.
ಮೇಲಿನ ಗೆರೆ ದಾಟಿ ಎರಡು ಬೆರಳು.
"ನೋಡಿದಿರಾ" ಅಂದ ಜರ್ವಲಿ.

ಎಣ್ಣೆಗೆ ಅಂಟಿರಬೇಕು,
ಹೆಬ್ಬೆರಳನ್ನು ತೋರುಬೆರಳು ಬಿಡಲಾರೆ ಅನ್ನಬೇಕು.
ಇದು ಮಜ್ಜಿಗೆಯ ಮೇಲಿನ ತಿಳಿಯಂತೆ ಜಾರಿತು.
ಕಡ್ಡಿಯನ್ನು ಅವನ ಮೂಗಿಗೇ ಹಿಡಿದೆ.
ಮೂಸಿದ. ನನ್ನ ಮುಖ ನೋಡಿದ. ಮತ್ತೆ ಮೂಸಿದ.

ಡೀಸೆಲ್.

ಲಿಫ್ಟ್ ಪಂಪು ಬಿಚ್ಚಿದರೆ ಒಳಗೆ ರಬ್ಬರಿನ ಪೊರೆ,
ಅಂಗೈಯಷ್ಟೂ ಇಲ್ಲ, ಅಂಚಿಗೆ ಉಗುರುದ್ದದ ಸೀಳು.
ನಿಂತಾಗ ಅದೇ ಸೀಳಲ್ಲಿ ಗಾಳಿ ಒಳಕ್ಕೆ,
ಓಡುವಾಗ ಡೀಸೆಲ್ ಕೆಳಕ್ಕೆ, ಎಣ್ಣೆಯ ತೊಟ್ಟಿಗೆ.
ಎರಡು ಕಾಯಿಲೆ, ಒಂದೇ ಹರಕು.
ಆರು ತಿಂಗಳ ಬರ್ಕತ್ತು ಈ ದಾರಿಯಲ್ಲಿ ಬಂದಿತ್ತು.

ಟೈರಿನ ಮೇಲೆ ಕೂತ. ಸುಲೈಮಾನಿ ತರಿಸಿದೆ, ಆರಿಹೋಯಿತು.
"ಮನೆಗೂ ಬರೆದಿದ್ದೆ" ಅಂದ,
"ಗಾಡಿ ಏನೂ ಕೇಳುತ್ತಿಲ್ಲ ಅಂತ."
ನನ್ನ ಕಾಗದಗಳಲ್ಲಿ
ಯಾವ ಯಾವ ಗೆರೆ ಏರುತ್ತದೆಂದು ನಾನು ಹೇಳಲಿಲ್ಲ.

ಪೊರೆ ಮಸ್ಕತ್ತಿನಿಂದ ಬರಲು ಮೂರು ದಿನ.
ಹಳೆಯದು ಕರೀ ನೀರಾಗಿ ದಬದಬ ಸುರಿಯಿತು,
ಹೊಸದು ಕಾಕಂಬಿಯ ಹಾಗೆ, ಅವಸರವಿಲ್ಲದೆ ಇಳಿಯಿತು.
ಮಟಮಟ ಮಧ್ಯಾಹ್ನ
ಮುಳ್ಳು ಮೂವತ್ತೈದಕ್ಕೆ ನಿಂತು ಅಲುಗಲಿಲ್ಲ.

ತಿಂಗಳಾದ ಮೇಲೆ ಮತ್ತೆ ಬಂದ,
ಒಂದೇ ಹೊಡೆತಕ್ಕೆ ಎದ್ದ ಗಾಡಿಯಲ್ಲಿ
ಮುಖ ಇಳಿಬಿಟ್ಟುಕೊಂಡು.
ಕಡ್ಡಿ ತೋರಿಸಿದ: ಮೇಲಿನ ಗೆರೆಗೆ ಕೂದಲೆಳೆ ಕಮ್ಮಿ.
"ಕುಡಿಯಲು ಶುರುಮಾಡಿದೆ, ಉಸ್ತಾದ್."

ಈ ವಯಸ್ಸಿಗೆ ಅಷ್ಟು ಕುಡಿಯಬೇಕು, ಅಂದೆ.
ಡಬ್ಬಿಗೆ ಎರಡು ರಿಯಾಲು.
ಒಂದೂವರೆಗೆ ಕೇಳಿದ.