ಹನ್ನೆರಡನೇ ಪಾಠ

ಗೋಪಿ ಸರ್ಕಲ್ಲಿನ ಬೇಕರಿಯ ಮಾಳಿಗೆ, ಸಂಜೆ ಐದೂವರೆ.
ಕೆಳಗಿನಿಂದ ಬನ್ನಿನ ಬಿಸಿ ವಾಸನೆ.
ಫ್ಲೇವಿಯಾ ಮಿಸ್ ಬೋರ್ಡಿನ ಮೇಲೆ ಬರೆದರು:
‘ಮಲಗು’ ಎನ್ನಲು ಇಂಗ್ಲಿಷಿನಲ್ಲಿ ಎಷ್ಟು ದಾರಿ!

ಬೆಂಚಿನಲ್ಲಿ ನಾವು ಮೂವರು, ಮೂವರದೂ ರಾತ್ರಿಪಾಳಿ:
ಮಂಡಿಯ ಹಮಾಲಿ ಖಾಸಿಂ,
ಎಟಿಎಂ ಕಾಯುವ ಕೆರಿಯಪ್ಪ,
ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನ ನಾನು.

ಹಿಟ್ ದ ಸ್ಯಾಕ್, ಅಂದರು ಮಿಸ್.
‘ಮೂಟೆಗೆ ಹೊಡಿಯೋದಾ ಮೇಡಂ?
ಅದೇ ಅಲ್ವಾ ನಾ ರಾತ್ರಿಯಿಡೀ ಮಾಡೋದು!
ಕೊಕ್ಕೆ ಹಾಕಿ ಎಳೆದ್ರೆ ಶುಂಠಿ ಮೂಟೆ
ಬೆನ್ನ ಮೇಲೆ ಬಂದು ಕೂರತ್ತೆ,
ನಿದ್ದೆ ಮಾತ್ರ ಬರಲ್ಲ.’
ನಕ್ಕೆವು. ಖಾಸಿಂ ನಗಲಿಲ್ಲ.

ಸ್ಲೀಪ್ ಟೈಟ್.
ಬಿಗಿ ಯಾಕೆ? ನನಗೆ ಗೊತ್ತಿರುವಂತೆ ಬಿಗಿಯುವುದು
ಬ್ಯಾಂಡೇಜು, ಬಿಪಿ ಪಟ್ಟಿ;
ನಿದ್ದೆ ಬರುವುದು ಗಂಟು ಸಡಿಲಿದ ಮೇಲೆ.
ಕೇಳಲಿಲ್ಲ, ಬರೆದುಕೊಂಡೆ.
ಡೋಂಟ್ ಲೆಟ್ ದ ಬೆಡ್‌ಬಗ್ಸ್ ಬೈಟ್ ಎಂದಾಗ
ತಡೆಯಲಾಗಲಿಲ್ಲ:
‘ತಿಗಣೆಗೆ ಕಂಪ್ಲೇಂಟ್ ಬರೆದು ತಿಂಗಳಾಯ್ತು ಮಿಸ್.’

ನನ್ನವ್ವನ ಹತ್ತಿರ ಇದ್ದದ್ದೇ ಮೂರು:
ಕತ್ತಲಾದರೆ ‘ತಾಚಿ’, ಉಂಡ ಮೇಲೆ ‘ಮಲ್ಕೋ’,
ಹತ್ತು ದಾಟಿದರೆ ‘ಬಿದ್ಕಳೇ ಅತ್ಲಾಗೆ’.
ಮೂರನೆಯದಕ್ಕೇ ಕಣ್ಣು ಹತ್ತುತ್ತಿತ್ತು.

ಪಾಠ ಮುಗಿಯುವಾಗ ಕೈಯೆತ್ತಿದ ಕೆರಿಯಪ್ಪ.
‘ಮಲಗಬ್ಯಾಡ ಅನ್ನೋದಕ್ಕೆ ಏನಂತಾರೆ ಮೇಡಂ?
ನಂಗೆ ಸಾಹೇಬ್ರು ಹೇಳೋದು ಅದೊಂದೇ.’
ಮಿಸ್ ಚಾಕ್‌ಪೀಸು ಹಿಡಿದು ನಿಂತರು.
ಕೆಳಗೆ ಒಲೆಯ ಬಾಗಿಲು ತೆಗೆದ ಸದ್ದು.

ರಾತ್ರಿ ಮೂರು ಹತ್ತು. ಎಂಟನೇ ಮಂಚ,
ಹೊಸನಗರದ ಕಡೆಯ ಗುತ್ಯಮ್ಮ.
ಕಣ್ಣು ಬಿಟ್ಟುಕೊಂಡೇ ಇದ್ದಾಳೆ ನಿನ್ನೆಯಿಂದ.
ಡ್ರಿಪ್ಪಿನ ಹನಿ ಎಣಿಸಿದೆ: ನಿಮಿಷಕ್ಕೆ ಇಪ್ಪತ್ತು.
‘ಸ್ವೀಟ್ ಡ್ರೀಮ್ಸ್, ಅಜ್ಜಿ’ ಎಂದೆ,
ಸುಮ್ಮನೆ, ಪಾಠ ಮರೆಯದಿರಲೆಂದು.
ತಿಳಿದವಳಂತೆ ತಲೆಯಾಡಿಸಿ
ಸೂಜಿ ಚುಚ್ಚಿದ ಕೈ ಎತ್ತಿ ಹಿಡಿದು
ಗೋಡೆಯ ಕಡೆ ಸರಿದಳು.
ಎರಡು ಗೇಣು ಹಾಸಿಗೆ ಖಾಲಿಯಾಯಿತು.

‘ನೀನೂ ಒಂಚೂರು ಅಡ್ಡಾಗೇ ತಂಗಿ.
ಹನಿ ನಾ ಎಣಿಸ್ತೀನಿ.’

ಆಗಲ್ಲ ಅಜ್ಜಿ, ಡ್ಯೂಟಿ, ಅಂದೆ.
ಸ್ಟೂಲು ಎಳೆದು ಪಕ್ಕಕ್ಕೆ ಕೂತೆ,
ಚಪ್ಪಲಿಯಿಂದ ಕಾಲು ಹೊರತೆಗೆದೆ.
ಆಕೆ ಆಗಲೇ ಶುರು ಮಾಡಿದ್ದಳು, ಮೆಲ್ಲಗೆ,
ಒಂದು, ಎರಡು...
ಹದಿನಾಲ್ಕಾದ ಮೇಲೆ ಮತ್ತೆ ಹನ್ನೊಂದು.
ನಾನು ತಿದ್ದಲಿಲ್ಲ.