ಬಲಗಾಲಿನ ಚಪ್ಪಲಿ

ಶನಿವಾರಕ್ಕೊಮ್ಮೆ ಕೋಣೆ ಕೊಡಿ ಅಂದಳು ನಾಸ್ಲಿ.
ಕೊಟ್ಟೆ. ಮೀನು ಹುರಿಯುವ ಒಲೆಯ ಹಿಂದೆ ಅದು ಹೇಗೂ ಖಾಲಿ.
ಹಲಗೆಯ ನೆಲ, ಸಂದಿಯಲ್ಲಿ ಇಣುಕಿದರೆ ಕೆಳಗೆ ಸಮುದ್ರ:
ಭರತಕ್ಕೆ ಏರಿ ಬಂದು ಕಂಬಗಳ ಮೊಣಕಾಲು ತೊಳೆದು
ಇಳಿತಕ್ಕೆ ಬಂದರಿನ ಕಸವನ್ನೆಲ್ಲ ಕೆಸರಿಗೆ ಒಪ್ಪಿಸಿ ಹೋಗುತ್ತದೆ.
ಬಾಟಲಿ, ಬಲೆಯ ಚೂರು, ಒಂಟಿ ಚಪ್ಪಲಿ.
ಜೋಡಿ ಎಂದೂ ಬರುವುದಿಲ್ಲ, ನೋಡಿ.

ಆ ಒಂಟಿಗಳನ್ನೇ ಹೆಕ್ಕಿ ತರಿಸಿದಳು ಹುಡುಗಿ.
ಉಪ್ಪು ತೊಳೆದು, ಒಣಗಿಸಿ, ಅಟ್ಟೆಯನ್ನು ಬ್ಲೇಡಿನಲ್ಲಿ ಕೆತ್ತಿ,
ಮಸಿ ಬಳಿದು, ಕಾಗದಕ್ಕೊತ್ತಿ
ಇದು ಚಿತ್ರ ಅಂದಳು.
ನನಗೆ ನಗು ಬಂತು. ಮಕ್ಕಳಿಗೆ ಬರಲಿಲ್ಲ.

ಹನ್ನೊಂದು ಮಕ್ಕಳು. ಆರು ಈ ಬೀದಿಯವು, ಐದು ಆಚೆಯವು.
ನಡುವೆ ಗೆರೆ ಇದೆ. ಬೇಕರಿಯ ಬಾಗಿಲಿಗೂ
ವಾಲಿದ ಕರೆಂಟು ಕಂಬಕ್ಕೂ ನಡುವೆ ಎಲ್ಲೋ. ಕಾಣುವುದಿಲ್ಲ.
ದಾಟಿದವರ ಹೆಸರು ಮಾತ್ರ ಎಲ್ಲರಿಗೂ ಗೊತ್ತು.
ಆ ಐವರು ದೋಣಿಯಲ್ಲಿ ಬಂದು ಹಿಂದಿನ ಏಣಿ ಹತ್ತುತ್ತಾರೆ;
ನೀರಿಗೆ ಇನ್ನೂ ಯಾರೂ ಗೆರೆ ಎಳೆದಿಲ್ಲ.

ಒಂದು ಶನಿವಾರ ಪದ ಕೆತ್ತುವ ಪಾಠ. 'ದೆರೆಚೊ'.
ನಮ್ಮ ಮಾತಲ್ಲಿ ಹಕ್ಕು ಅಂದರೂ ಅದೇ,
ಬಲಗಡೆ ಅಂದರೂ ಅದೇ, ನೆಟ್ಟಗೆ ಅಂದರೂ ಅದೇ.
ದಾರಿ ಕೇಳಿದವರಿಗೆ ದಿನಾ ಹೇಳುತ್ತೇನೆ, ದೆರೆಚೊ, ನೆಟ್ಟಗೆ ಹೋಗಿ,
ಬೇಕರಿಯ ತನಕ ಮಾತ್ರ ಎಂದು ಮೆಲ್ಲಗೆ ಸೇರಿಸುತ್ತೇನೆ.
ಅಚ್ಚಿಗೆ ಎಲ್ಲ ತಿರುಗುಮುರುಗು ಕೆತ್ತಬೇಕಂತೆ.
ಮೈರೆಲ್ಲಿ ಮರೆತಳು. ಕಾಗದದಲ್ಲಿ ಪದ ಹಿಂದುಮುಂದಾಗಿ ಬಂತು.
"ಇಲ್ಲಿಗೆ ಇದೇ ಸರಿ" ಅಂದಳು. ಅಂದು ಎಲ್ಲರೂ ನಕ್ಕರು.
ನನ್ನ ಮೀನು ಕರಕಲಾಯಿತು.

ಯೈಲೆರ್ ಮಾತ್ರ ಕೆತ್ತಲಿಲ್ಲ.
ಅವನು ತಂದದ್ದು ಕೆಸರಿನದಲ್ಲ, ಮಂಚದಡಿಯದು.
ಅಣ್ಣ ಹಾರ್ಲಿನ್ಸನ್ನನದು, ನಲವತ್ತೊಂದನೇ ಅಳತೆ,
ಹಿಮ್ಮಡಿ ಹೊರಗಡೆಗೆ ಸವೆದದ್ದು; ಅವನು ನಡೆಯುತ್ತಿದ್ದದ್ದೇ ಹಾಗೆ,
ಚೂರು ವಾಲಿ, ಪಕ್ಕದಿಂದ ಯಾರೋ ಕರೆದ ಹಾಗೆ.
ಬ್ಲೇಡು ಹಿಡಿದು ಗಂಟೆಹೊತ್ತು ಕೂತ.
ನಾಸ್ಲಿ ಏನೂ ಹೇಳಲಿಲ್ಲ. ಮಸಿಯ ತಟ್ಟೆ ಹತ್ತಿರ ಸರಿಸಿದಳು.
ಇದ್ದ ಹಾಗೇ ಅದ್ದಿ ಒತ್ತಿದ.
ಎರಡು ವರ್ಷದಿಂದ ಠಾಣೆಯ ಕಾಗದದಲ್ಲಿ ಪತ್ತೆಯಿಲ್ಲದವನು
ನನ್ನ ಹಿಟ್ಟಿನ ಚೀಲದ ಕಾಗದದ ಮೇಲೆ
ಒಂದು ಹೆಜ್ಜೆ ಇಟ್ಟ. ಆಮೇಲೆ ಇನ್ನೊಂದು.
ಎಲ್ಲ ಬಲಗಾಲಿನವೇ. ಕುಂಟಾಬಿಲ್ಲೆ ಆಡುತ್ತ ಮನೆಗೆ ಬಂದವನಂತೆ.

ಮೂವತ್ತಾರು. ನಾನೇ ಎಣಿಸಿದೆ. ಮರಗೆಣಸಿನ ಹಿಟ್ಟಲ್ಲಿ
ಅಂಟು ಕಾಸಿದ್ದೂ ನಾನೇ. ಯಾರು ಹಚ್ಚಿದರೆಂದು ಕೇಳಬೇಡಿ.
ಬೆಳಗಾಗುವಾಗ ಅವು ನನ್ನ ಹೊಸ್ತಿಲಿಂದ ಹೊರಟು
ಬೇಕರಿ ದಾಟಿ, ಕಂಬ ದಾಟಿ
ಅವನು ಓದಿದ ಶಾಲೆಯ ಗೇಟಿನವರೆಗೆ ಹೋಗಿದ್ದವು.
ನೆಟ್ಟಗೆ.

ಬೈಕಿನ ಹುಡುಗರು ಬಂದು ಕಿತ್ತರು.
ಅಂಟು ಗಟ್ಟಿಯಿತ್ತು, ಉಗುರಿಗೆ ಚೂರು ಚೂರೇ ಬಂತು.
ಅವರಲ್ಲೊಬ್ಬ, ಹದಿನಾರಿರಬಹುದು,
ಚಿಕ್ಕಂದಿನಲ್ಲಿ ನನ್ನಲ್ಲಿ ಸಾಲಕ್ಕೆ ಮೀನು ತಿಂದವನು,
ಯಾರೂ ನೋಡುತ್ತಿಲ್ಲವೆಂದುಕೊಂಡು
ಹೆಜ್ಜೆಯ ಪಕ್ಕ ತನ್ನ ಕಾಲಿಟ್ಟು ಅಳತೆ ನೋಡಿದ.
ಅದೊಂದನ್ನು ಕೀಳಲಿಲ್ಲ.

ಮುಂದಿನ ಶನಿವಾರ ಏಳೇ ಮಕ್ಕಳು.
ಕೆಲವು ಅಮ್ಮಂದಿರು ಬಾಗಿಲು ಹಾಕಿಕೊಂಡಿದ್ದರು, ತಪ್ಪೆನ್ನಲಾರೆ.
ಏಣಿಯ ಸದ್ದಿಗೆ ಕಿವಿಯಿಟ್ಟು ಒಲೆಯ ಉರಿ ತಗ್ಗಿಸಿದೆ.
ಇಳಿತದ ಹೊತ್ತು. ಕೆಳಗೆ ಯೈಲೆರ್
ಮೊಣಕಾಲುದ್ದ ಕೆಸರಲ್ಲಿ ನಿಂತು
ಎಡಗಾಲಿನದೊಂದು ಹುಡುಕುತ್ತಿದ್ದ.