ಜೋಡು ಹೊಲಿಗೆ

ಜಿಲ್ಲೆ ಮೈಸೂರಿಗೆ ಸೇರಿ ಎರಡು ವರ್ಷವಾಗಿತ್ತು.
ಕೌಲ್‌ಬಜಾರಿನ ಮುನ್ಸಿಪಲ್ ಶಾಲೆಯ ಬಯಲಿಗೆ
ಒಂದು ಸಂಜೆ ಬೂದು ಬಣ್ಣದ ವ್ಯಾನು ಬಂತು,
ನೆತ್ತಿಯ ಮೇಲೆ ಲೌಡ್‌ಸ್ಪೀಕರು,
ಹೊಟ್ಟೆಯೊಳಗೆ ಅಮೆರಿಕ.

ಪರದೆ ಹರಿದಿತ್ತು. ಗುತ್ತಿಯ ಹತ್ತಿರ
ಗಾಳಿಗೆ ಸಿಕ್ಕು ಮೇಲಿಂದ ಕೆಳತನಕ ಸೀಳಿತಂತೆ.
ಆಪರೇಟರು ಅದನ್ನು ಹೆಗಲಿಗೇರಿಸಿ ನಮ್ಮ ಅಂಗಡಿಗೆ ಬಂದ:
"ಕತ್ತಲಾಗೋದ್ರೊಳಗೆ ಆಗ್ಬೇಕು, ಮಾಸ್ತರೆ."
ಅಪ್ಪ, ಏಕೋಬ ಪಿಸೆ, ಲಾಟೀನು ಹಚ್ಚುವ ಮೊದಲೇ
ಜೋಡು ಹೊಲಿಗೆ ಹಾಕಿ ಮಡಚಿ ಕೊಟ್ಟ.
ಕೇಳಿದ್ದು ಎಂಟಾಣೆ. ಸಿಕ್ಕಿದ್ದು
ಕೈಕುಲುಕುವ ಎರಡು ಕೈ ಅಚ್ಚಾದ ಹಾಲಿನಪುಡಿ ಡಬ್ಬಿ.
"ಮಣಿಕಟ್ಟಿಗೇ ಕಡದಾರಲ್ಲೋ, ತೋಳೇ ಇಲ್ಲ.
ಇದರಾಗ ನಮ್ಮ ಕೈ ಯಾವುದು?"
ಎನ್ನುತ್ತಲೇ, ಗುಂಡಿ ತುಂಬಿಡಲು ಆದೀತೆಂದು
ಒಳಗಿಟ್ಟುಕೊಂಡ.

ಎರಡು ಬೇವಿನ ಮರಗಳ ನಡುವೆ ಪರದೆ ಬಿಗಿದರು.
ತೆಲುಗಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ
ಒಂದೇ ಮಾತು ಎರಡು ಸಲ ಬಂತು:
ಇದು ಮನೆ. ಇದು ಮನೆಯೊಳಗಿನ ಮಂಜುಗಡ್ಡೆಯ ಬೀರು.
ಇದು ಹುಲ್ಲು, ದನಕ್ಕಲ್ಲ.
ಕಾರು, ಮತ್ತೆ ಕಾರು, ಹಿಂದೆ ರೆಕ್ಕೆ ಮೂಡಿದ ಕಾರು,
ಒಂದೇ ಅಳತೆಗೆ ಕತ್ತರಿಸಿದಂಥ ಸಾಲುಮನೆ,
ಪ್ರತಿ ಮನೆಯಲ್ಲೂ ಪೆಟ್ಟಿಗೆಯೊಳಗೆ ಇನ್ನೊಂದು ಸಿನಿಮಾ,
ಅದರ ಮುಂದೆ ಕೂತು ನಗುವ ಮಂದಿ.
ಅವರು ನಗುವುದನ್ನು ನೋಡಿ ನಾವೂ ನಕ್ಕೆವು.

ಎಲ್ಲದರ ಮಧ್ಯೆ ಅಪ್ಪನ ಹೊಲಿಗೆ.
ಆ ಹೆಂಗಸು ಒಲೆಯಿಂದ ಬೀರುವಿಗೆ ನಡೆದರೆ
ಮೂಗು ಒಂದು ಗಳಿಗೆ ಎರಡಾಗಿ ಮತ್ತೆ ಕೂಡುವುದು.
ಅಪ್ಪ ಬೇರೇನೂ ನೋಡಲಿಲ್ಲ.
"ಕೆಳಗ ಒಂಚೂರು ಸುಕ್ಕು ಬಿತ್ತು," ಎಂದು ಪೇಚಾಡಿದ.

ಆ ಹೊಲಿಗೆಯ ಮೇಲೇ, ರೈಲು ಸ್ಟೇಶನ್ನಿನ ಬಾಗಿಲಲ್ಲಿ,
ಒಬ್ಬ ಕರಿಯ ಮನುಷ್ಯ ಯಾರದೋ ಪೆಟ್ಟಿಗೆ ಹೊತ್ತು ನಿಂತಿದ್ದ,
ಎವೆ ಬಡಿಯುವಷ್ಟು ಹೊತ್ತು.
"ಅವನು ನಮ್ಮೋನಂಗ ಅದಾನಲ್ಲಲೇ, ಅಲ್ಲಿಗೆಂಗ ಹೋದ?"
ಹೊನ್ನೂರಬಿ ಅಜ್ಜಿ ಕೂಗಿದಳು.
ಉತ್ತರ ತೆಲುಗಿನಲ್ಲೂ ಬರಲಿಲ್ಲ, ಕನ್ನಡದಲ್ಲೂ ಬರಲಿಲ್ಲ.
ಲೋಕೋ ಶೆಡ್ಡಿನ ಮಾರೆಪ್ಪ ಎದ್ದು ನಿಂತ:
"ಅಷ್ಟು ಮನಿ ಕಸ ಯಾರು ಹೊಡೀತಾರ್ರೀ?
ಅವರ ಮನಿ ತೋರಸ್ರಿ."
ಅವನ ತಲೆಯ ನೆರಳು ಆ ಹುಲ್ಲಿನ ಮೇಲೆ ಬಿತ್ತು.
ಆಪರೇಟರು ನಯವಾಗಿ ಹೆಸರು ಕೇಳಿ
ಪುಟ್ಟ ಪುಸ್ತಕದಲ್ಲಿ ಬರೆದುಕೊಂಡ.
ಅಲ್ಲೂ ಆ ವರ್ಷಗಳಲ್ಲಿ ಹೀಗೆಯೇ
ಹೆಸರು ಬರೆದುಕೊಳ್ಳುತ್ತಿದ್ದರೆಂದು
ನಾನು ಓದಿದ್ದು ಬಹಳ ತಡವಾಗಿ,
ಮಾರೆಪ್ಪ ಸತ್ತ ಮೇಲೆ.

ಕೊನೆಗೊಂದು ಶಾಲೆ. ಗಂಟೆ ಹೊಡೆದದ್ದೇ
ಮಕ್ಕಳೆಲ್ಲ ಡೆಸ್ಕಿನ ಕೆಳಗೆ ನುಸುಳಿದರು.
ಬಾಂಬು ಬಿದ್ದರೆ ಹೀಗೆ, ಎಂದಿತು ದನಿ.
ಮರುದಿನ, ನಮಗೆ ಡೆಸ್ಕಿಲ್ಲದ್ದಕ್ಕೆ,
ಸ್ಲೇಟು ತಲೆಯ ಮೇಲಿಟ್ಟು ಕುಕ್ಕರಿಸಿದೆವು,
ಗುಡ್ಡದ ಕಡೆಯಿಂದ ಬಾಂಬು ಬರಲೆಂದು.
ಬಂದದ್ದು ಮೇಷ್ಟರ ಬೆತ್ತ.

ಈಗ ಅದೇ ಓಣಿಯಲ್ಲಿ ಮಗಳು ಮುಕ್ತಾಳ ಜೀನ್ಸ್ ಯೂನಿಟ್ಟು.
ನೀಲಿ ಥಾನು ಪದರ ಪದರ ಹಾಸಿ
ಕರೆಂಟಿನ ಕತ್ತಿಯಿಂದ ಒಮ್ಮೆಗೇ ಅರವತ್ತು ಕಾಲು ಕೊಯ್ಯುತ್ತಾಳೆ.
ಆವತ್ತು ಪರದೆಯ ಮೇಲೆ ಜೇಬಿಗೆ ಕೈಯಿಟ್ಟು
ಮೋಟರ್‌ಸೈಕಲ್ಲಿಗೆ ಒರಗಿದ್ದ ಹುಡುಗನ ಪ್ಯಾಂಟೇ ಇದು,
ಆಗ ಅವನ ಮೈಮೇಲೆ ಗರಿಗರಿ ಇತ್ತು.
ಇಲ್ಲಿ ಹೊಲಿದಾದ ಮೇಲೆ ಹುಡುಗರು ಸಾಲಾಗಿ ಕೂತು
ಉಸುಕಿನ ಕಾಗದದಲ್ಲಿ ಮೊಣಕಾಲು ತಿಕ್ಕುತ್ತಾರೆ,
ತೊಡೆಯ ಮೇಲೆ ಬ್ಲೇಡು ಎಳೆಯುತ್ತಾರೆ.
ಹಳತಾದಷ್ಟೂ ಬೆಲೆಯಂತೆ.
ಅವರ ಮೂಗಿನ ಹೊಳ್ಳೆಯೂ ನೀಲಿ, ಮುಂದಿನ ಚರಂಡಿಯೂ ನೀಲಿ.

ಗುಂಡಿ ಡಬ್ಬಿ ಇನ್ನೂ ಇದೆ.
ತುಕ್ಕು ಒಂದು ಕೈಯನ್ನು ತಿಂದು ಹಾಕಿದೆ,
ಯಾವುದೆಂದು ನನಗೆ ಈಗಲೂ ತಿಳಿಯದು.

ನಿನ್ನೆ ಮುಕ್ತಾ, ಸೀಳಿದ ತೊಡೆಯ ಹಿಂದೆ ತುಂಡುಬಟ್ಟೆ ಕೊಟ್ಟು
(ಹರಿದಿರಬೇಕು, ಮುಂದೆ ಹರಿಯಬಾರದು)
ಜೋಡು ಹೊಲಿಗೆ ಹಾಕುತ್ತಿದ್ದಳು.
ಕನ್ನಡಕ ಏರಿಸಿ ನೋಡಿದೆ.
"ಕೆಳಗ ಒಂಚೂರು ಸುಕ್ಕು ಬಿತ್ತಲ್ಲವ್ವಾ."
ತಲೆಯೆತ್ತದೆ ಅಂದಳು,
"ಇರಲಿ ಬಿಡಪ್ಪ,
ಸುಕ್ಕಿಗೂ ರೊಕ್ಕ ಕೊಡ್ತಾರ."